ಇಂಗ್ಲಿಷ್ ಪಕ್ಕಕ್ಕಿಟ್ಟ ಮೇಲೆ ‘ಈಬಾ’ ಬಾಯಿಗೆ ಬಂತು

ಸ್ಪ್ಯಾನಿಷ್ ಕಲೀತಿರೋ ನಮ್ಮೋರಿಗೆ ಇಂಪೆರ್ಫೆಕ್ತೊ (ನಮ್ಮ ‘ಹೋಗ್ತಿದ್ದೆ’ ಥರ, ಹಿಂದೆ ನಡೀತಿದ್ದಿದ್ದನ್ನ ಹೇಳೋ ಕ್ರಿಯಾರೂಪ) ಅಂದ್ರೇನು ಅಂತ ಹೇಳೋದು ಬೇಡ, ಈಬಾ, ಈಬಾಸ್, ಈಬಾ, ಈಬಾಮೋಸ್ ಟೇಬಲ್ ಎಲ್ರಿಗೂ ಬಾಯಿಪಾಠ ಇರುತ್ತೆ. ನನಗೂ ಇತ್ತು. ಆದ್ರೆ ಮಾತಾಡೋಕೆ ಶುರು ಮಾಡಿದ್ರೆ ಸಾಕು, ‘ಫುಯ್’, ಅಂದ್ರೆ ‘ಹೋದೆ’, ಅಂತಾನೇ ಬರೋದು. ಎರಡು ವರ್ಷ ಹೆಚ್ಚುಕಮ್ಮಿ ಹಿಂಗೇ ಹೋಯ್ತು.

ದುಡ್ಡಿನ ಲೆಕ್ಕ ಹೇಳ್ತೀನಿ. ಬೆಂಗಳೂರಲ್ಲಿ ಎರಡು ಲೆವೆಲ್ ಕ್ಲಾಸಿಗೆ 35-40 ಸಾವಿರ, ಆಮೇಲೆ ಸ್ಪೇನಿನ ವಲೆನ್ಸಿಯಾಗೆ ಬಂದ್ಮೇಲೆ ಗಂಟೆಗೆ 12 ಯೂರೋ ಕೊಟ್ಟು ಟ್ಯೂಷನ್, ಅದು ಒಂದು ಇಪ್ಪತ್ತು ಗಂಟೆ. ಡೆಲೆ ಬಿ1 (ಸ್ಪ್ಯಾನಿಷ್ ಪರೀಕ್ಷೆಯ ಮಧ್ಯದ ಹಂತ) ಫೀಸು ಬೇರೆ, ಅದನ್ನೂ ಎರಡು ಸಲ ಕಟ್ಟಿದ್ದೀನಿ. ಮೊದಲನೇ ಸಲ ಕೇಳೋದು-ಮಾತಾಡೋದು ಸೇರಿರೋ ಗುಂಪಲ್ಲಿ 50ಕ್ಕೆ 30 ಬೇಕಿತ್ತು, ನನಗೆ ಬಂದಿದ್ದು 27.

ಎಲ್ಲಿ ಎಡವ್ತಿದ್ದೀನಿ ಅಂತ ಗೊತ್ತಾಗಿದ್ದು ಕೆಳಗಿನ ಮನೆ ಅಜ್ಜಿಯಿಂದ. ಅವ್ರು ಚಿಕ್ಕವರಿದ್ದಾಗ ಟ್ರ್ಯಾಮಲ್ಲಿ ಮಾಲ್ವಾರೋಸಾ ಬೀಚಿಗೆ ಹೋಗ್ತಿದ್ದಿದ್ದನ್ನ ಹೇಳ್ತಿದ್ರು, ಮಾತಿಗೊಂದು ಈಬಾಮೋಸ್, ‘ಹೋಗ್ತಿದ್ವಿ’. ನಾನೂ ಹೇಳೋಣ ಅಂತ ‘ದೆ ನೀನ್ಯಾ ಫುಯ್ ಅ ಲಾ ಎಸ್ಕ್ವೇಲಾ ಆಂದಾಂದೊ’ ಅಂದೆ, ಚಿಕ್ಕವಳಿದ್ದಾಗ ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ದೆ ಅಂತ ನನ್ನ ಮನಸ್ಸಲ್ಲಿ. ಅಜ್ಜಿ ಕಾಫಿ ಕಪ್ ಕೆಳಗಿಟ್ಟು ನನ್ನೇ ನೋಡ್ತಾ ಕೂತ್ರು, ಆಮೇಲೆ ‘ಇ ಕೆ ಪಾಸೊ?’ ಅಂದ್ರು. ಆಮೇಲೇನಾಯ್ತು ಅಂತ! ಅವ್ರಿಗೆ ಕೇಳಿಸಿದ್ದು ‘ಒಂದಿನ ನಡ್ಕೊಂಡು ಹೋದೆ’ ಅಂತ, ಅವತ್ತಿನ ಕಥೆ ಮುಂದೆ ಬರುತ್ತೆ ಅಂತ ಕಾಯ್ತಿದ್ರು.

ಅದೇ ರಾತ್ರಿ ಅಕ್ಕಂಗೆ ಫೋನ್ ಮಾಡಿದಾಗ ‘ಹಳ್ಳ ದಾಟ್ಕೊಂಡು ಹೋಗ್ತಿದ್ವಲ್ಲ, ನೀನೇ ಛತ್ರಿ ಹಿಡ್ಕೊಳ್ತಿದ್ದೆ, ನನ್ನ ಲಂಗ ನೆನೀತಿತ್ತು’ ಅಂತಿದ್ದೆ, ಅಲ್ಲೇ ಹೊಳೀತು. ಎಲ್ಲಾ ತಿದ್ದೆ, ತಿದ್ವಿ, ತಿತ್ತು. ಇಂಗ್ಲಿಷಲ್ಲಿ ಯೂಸ್ಡ್ ಟು ಗೋ ಬೇರೆ, ವಾಸ್ ಗೋಯಿಂಗ್ ಬೇರೆ, ಎಷ್ಟೋ ಸಲ ಬರೀ ವೆಂಟ್ ಅಂದ್ರೂ ನಡೆಯುತ್ತೆ, ಆ ವೆಂಟ್ ಇದ್ಯಲ್ಲ ಅದೇ ನನ್ನ ಬಾಯಲ್ಲಿ ಫುಯ್ ಆಗ್ತಿದ್ದಿದ್ದು. ಕನ್ನಡದಲ್ಲಿ ದಿನಾ ಹೋಗ್ತಿದ್ದೆ, ದಾರೀಲಿ ಹೋಗ್ತಿದ್ದೆ ಎರಡಕ್ಕೂ ಒಂದೇ ಮಾತು, ಸ್ಪ್ಯಾನಿಷಲ್ಲೂ ಎರಡಕ್ಕೂ ಈಬಾ.

ಇದನ್ನ ಟ್ಯೂಷನ್ ಟೀಚರ್‌ಗೆ ಹೇಳಿದ್ರೆ ಮಾತೃಭಾಷೆ ಮೂಲಕ ಕಲಿಯೋದು ಕೆಟ್ಟ ಅಭ್ಯಾಸ ಅಂದ್ರು. ಜೊತೆಗಿದ್ದ ಇಬ್ರು ಕನ್ನಡದೋರೂ ನಂಬಲಿಲ್ಲ. ನಾನು ಬಿಡಲಿಲ್ಲ. ಫೋನಲ್ಲಿ ಬಾಲ್ಯದ ಬಗ್ಗೆ ಎಂಟು ನಿಮಿಷ ಕನ್ನಡದಲ್ಲಿ ರೆಕಾರ್ಡ್ ಮಾಡಿ, ತಿದ್ದೆ ಬಂದಲ್ಲೆಲ್ಲಾ ನಿಲ್ಲಿಸಿ ಇಂಪೆರ್ಫೆಕ್ತೊ ಹಾಕಿ ಹೇಳೋದು. ಮೊದಲ ರೆಕಾರ್ಡಿಂಗಲ್ಲಿ ಸುಮಾರು 40 ಸಿಕ್ತು, 34-35 ಸರಿ ಬಂತು.

ಇನ್ನೂ ಖುಷಿ ಕೊಟ್ಟಿದ್ದು ‘ಸಬೇರ್’, ಅಂದ್ರೆ ಗೊತ್ತಿರೋದು. ಇಂಗ್ಲಿಷ್ ಪುಸ್ತಕಗಳಲ್ಲಿ ಇಂಪೆರ್ಫೆಕ್ತೊದಿಂದ ಫುಯ್ ಥರದ ರೂಪಕ್ಕೆ ಹೋದ್ರೆ ಇದಕ್ಕೆ ಅರ್ಥ ಬದಲಾಗುತ್ತೆ ಅಂತ ಬೇರೆ ಪಾಠಾನೇ ಇರುತ್ತೆ. ನಮಗೆ ಸಬೀಆ ಅಂದ್ರೆ ಗೊತ್ತಿತ್ತು, ಸೂಪೆ ಅಂದ್ರೆ ಗೊತ್ತಾಯ್ತು, ಅಷ್ಟೇ. ಕೊನೊಥೀಆ ಪರಿಚಯ ಇತ್ತು, ಕೊನೊಥೀ ಪರಿಚಯ ಆಯ್ತು. ನೋ ಪೊದೀಆ ಆಗ್ತಿರ್ಲಿಲ್ಲ, ನೋ ಪೂದೆ ಆಗ್ಲಿಲ್ಲ. ಇದೆಲ್ಲಾ ನನಗೆ ಒಂದು ಸಂಜೇಲಿ ಬಂತು.

ಕೈ ಕೊಡೋ ಜಾಗಾನೂ ಇದೆ. ‘ಐದು ವರ್ಷ ನಡ್ಕೊಂಡೇ ಹೋಗ್ತಿದ್ದೆ’ ಅಂತೀವಿ ನಾವು, ಸ್ಪ್ಯಾನಿಷ್ ಮಾತಾಡೋರು ಐದು ವರ್ಷ ಅಂತ ಲೆಕ್ಕ ಮುಗಿಸಿಬಿಟ್ರೆ ಫುಯ್ ಅಂತಾರೆ, ಅಲ್ಲಿ ಈಬಾ ಹಾಕಿ ಬರೆದಿದ್ದಕ್ಕೆ ಟೀಚರ್ ಕೆಂಪಲ್ಲಿ ಗೀಟು ಹಾಕಿದ್ರು. ‘ಇದ್ದೆ’ ಇನ್ನೂ ಕಷ್ಟ, ಇಂಪೆರ್ಫೆಕ್ತೊದ ಎಸ್ತಾಬಾನೂ ಅದೇ, ಫುಯ್ ಥರದ ಎಸ್ತೂಬೆನೂ ಅದೇ. ಇದಕ್ಕೆ ನಾನು ಒಂದು ದಾರಿ ಕಂಡ್ಕೊಂಡಿದ್ದೀನಿ, ಅದನ್ನ ಸದ್ಯಕ್ಕೆ ನಾನು ಪಾಠ ಹೇಳ್ಕೊಡೋರಿಗೆ ಮಾತ್ರ ಹೇಳ್ತೀನಿ.

ಹಿಂದಿಯ ರೂಮ್‌ಮೇಟ್ ಮೇಲೂ ಪ್ರಯೋಗ ಮಾಡಿದೆ. ಅವಳಿಗೆ ಜಾತಿ ಥೀ, ಜಾ ರಹೀ ಥೀ ಅಂತ ಎರಡು ಇರೋದ್ರಿಂದ ಎರಡನ್ನೂ ಈಬಾ ಒಳಗೆ ಹಾಕೋಕೆ ಹತ್ತು ದಿನ ಹಿಡೀತು, ಆದ್ರೂ ಬಂತು.

ಎರಡನೇ ಸಲ ಅದೇ ಗುಂಪಲ್ಲಿ 41. ಮೌಖಿಕದಲ್ಲಿ ಹಳ್ಳ, ಛತ್ರಿ, ಲಂಗ ಎಲ್ಲಾ ಹೇಳಿದೆ, ಒಂದು ಫುಯ್ ತಪ್ಪಿ ಬರಲಿಲ್ಲ. ಒಂದೇ ಒಂದು ಕಡೆ ಪರೀಕ್ಷೆ ಮಾಡ್ತಿದ್ದೋರು ‘ಯಾರು?’ ಅಂತ ಕೇಳಿದ್ರು, ಯಾಕಂದ್ರೆ ಹೋಗ್ತಿದ್ದೆ, ಹೋಗ್ತಿದ್ಲು ಎರಡಕ್ಕೂ ಅವ್ರಲ್ಲಿ ಈಬಾನೇ, ನಾನು ಅಕ್ಕನ ಮಾತಿಂದ ನನ್ನ ಮಾತಿಗೆ ಬಂದಾಗ ‘ಯೊ’ (ನಾನು) ಸೇರಿಸಿರಲಿಲ್ಲ. ಅದನ್ನೊಂದು ನೆನಪಿಟ್ಕೊಳ್ಳಿ.