ಅಪಾರ್ಟ್‌ಮೆಂಟಿಗೊಂದು ಪುಟ್ಟ ಫೋನ್ ಎಕ್ಸ್‌ಚೇಂಜ್: ನೀವೇ ಕಟ್ಟುವುದು ಹೇಗೆ?

ಗೇಟಿನ ಸೆಕ್ಯೂರಿಟಿಯಿಂದ ಮನೆಗೆ ಫೋನ್ ಹೋಗಬೇಕು, ಮನೆಯಿಂದ ಮನೆಗೂ ಹೋಗಬೇಕು. ಬೆಂಗಳೂರಿನ ಎಷ್ಟೋ ಚಿಕ್ಕ ಅಪಾರ್ಟ್‌ಮೆಂಟ್‌ಗಳಲ್ಲಿ ಇದಕ್ಕೆ ಹಳೇ ಇಂಟರ್‌ಕಾಮ್ ಪೆಟ್ಟಿಗೆ ಇರುತ್ತದೆ. ಅದು ಕೆಟ್ಟರೆ ರಿಪೇರಿಯವರು ಸಿಗುವುದಿಲ್ಲ, ಹೊಸದಕ್ಕೆ ಕೊಟೇಶನ್ ತರಿಸಿದರೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ. ಅದರ ಬದಲಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಒಳ್ಳೆಯ ಮೆಮೊರಿ ಕಾರ್ಡು, ಫೋನ್ ಎಕ್ಸ್‌ಚೇಂಜ್ ಕೆಲಸ ಮಾಡುವ ಆಸ್ಟರಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಸಾಕು. ಪೈ, ಅಡಾಪ್ಟರ್, ಕೇಬಲ್ ಎಲ್ಲಾ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ, ಚೌಕಾಸಿ ನಿಮಗೆ ಬಿಟ್ಟದ್ದು.

ಆಸ್ಟರಿಸ್ಕ್ 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರು ಮಾಡಿದ್ದು. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಪಾಠಗಳಿಗೆ ಬರವಿಲ್ಲ, ಆದರೆ ಮುಕ್ಕಾಲು ಪಾಲು ಹಳೆಯವು. ನೆಟ್‌ವರ್ಕ್ ಮೇಲೆ ಫೋನ್ ಕರೆ ಜೋಡಿಸುವ ಪದ್ಧತಿಗೆ ಸಿಪ್ ಎನ್ನುತ್ತಾರೆ. ಅದಕ್ಕಾಗಿ ಆ ಪಾಠಗಳಲ್ಲಿ ಬರುವ ಚಾನ್-ಸಿಪ್ ಎಂಬ ಆಸ್ಟರಿಸ್ಕ್ ಭಾಗವನ್ನು 21ನೇ ಆವೃತ್ತಿಯಿಂದ ತೆಗೆದೇ ಹಾಕಿದ್ದಾರೆ, ಈಗಿರುವುದು ಪಿಜೆಸಿಪ್. ಪಾಠದಲ್ಲಿ ‘ಸಿಪ್ ಡಾಟ್ ಕಾನ್ಫ್’ ಫೈಲ್ ಕಂಡರೆ ಆ ಪುಟ ಮುಚ್ಚಿ, ಮುಂದೆ ಹೋಗಿ.

ಮೊದಲು ಪೈಗೆ ಡೆಸ್ಕ್‌ಟಾಪ್ ಇಲ್ಲದ ಲೈಟ್ ಲಿನಕ್ಸ್ ಹಾಕಿ. ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿಯಲ್ಲಿ ಆಸ್ಟರಿಸ್ಕ್ ಸಿದ್ಧ ಪ್ಯಾಕೇಜಾಗಿ ಸಿಗುವುದಿಲ್ಲ, ಹಾಗಾಗಿ ಸೋರ್ಸ್, ಅಂದರೆ ಮೂಲ ಕೋಡ್, ಇಳಿಸಿಕೊಂಡು ನಾವೇ ಕಂಪೈಲ್ ಮಾಡಬೇಕು. ಆಸ್ಟರಿಸ್ಕ್‌ನ 22ನೇ ಆವೃತ್ತಿ ತೆಗೆದುಕೊಳ್ಳಿ, ಅದಕ್ಕೆ ದೀರ್ಘಕಾಲದ ಬೆಂಬಲ ಇದೆ. ಬೇಕಾದ ಲೈಬ್ರರಿಗಳನ್ನು ತಂದುಕೊಡುವ ಸ್ಕ್ರಿಪ್ಟ್ ಸೋರ್ಸ್ ಜೊತೆಗೇ ಬರುತ್ತದೆ, ಮೊದಲು ಅದನ್ನು ಓಡಿಸಿ. ಆಮೇಲೆ ಒಂದಾದ ಮೇಲೊಂದು ಈ ಕಮಾಂಡ್ ಕೊಡಿ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಮೇಕ್ ನಡೆಯುವಾಗ ಕಾಫಿ ಮಾಡಿಕೊಳ್ಳಿ, ಪೈಗೆ ಅವಸರವಿಲ್ಲ.

ಸೆಟ್ಟಿಂಗುಗಳ ಮಾದರಿ ಫೈಲುಗಳಿಗೆ ಎಲ್ಲರೂ ‘ಮೇಕ್ ಸ್ಯಾಂಪಲ್ಸ್’ ಎನ್ನುತ್ತಾರೆ. ಬೇಡ. ‘ಮೇಕ್ ಬೇಸಿಕ್-ಪಿಬಿಎಕ್ಸ್’ ಕೊಡಿ. ಅದರ ಮಾಡ್ಯೂಲ್ (ಆಸ್ಟರಿಸ್ಕ್‌ನ ಬಿಡಿ ಭಾಗ) ಪಟ್ಟಿಯಲ್ಲಿ ಎಲ್ಲವೂ ತಾನಾಗಿ ಲೋಡ್ ಆಗುವುದಿಲ್ಲ, ಹೆಸರು ಬರೆದದ್ದು ಮಾತ್ರ ಲೋಡ್ ಆಗುತ್ತದೆ. ನಿಮಗೆ ಬೇಡದ್ದನ್ನು ಅಲ್ಲಿಂದ ಇನ್ನೂ ಅಳಿಸಬಹುದು, ವಾಯ್ಸ್‌ಮೇಲ್ ಯಾರು ಕೇಳುತ್ತಾರೆ ಹೇಳಿ? ದನಿಯನ್ನು ಡಿಜಿಟಲ್ ಮಾಡುವ ಎ-ಲಾ ಎಂಬ ಕೋಡೆಕ್ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಿ, ನಮ್ಮ ದೇಶದ ಫೋನ್ ಲೈನುಗಳಲ್ಲಿ ನಡೆಯುವುದು ಅದೇ. ಮೌಸ್ ಒತ್ತಿ ನಡೆಸುವ ವೆಬ್ ಪ್ಯಾನೆಲ್‌ಗಳೂ ಇವೆ, ಆದರೆ ಹತ್ತಿಪ್ಪತ್ತು ಮನೆಗೆ ಅದು ಸುಮ್ನೆ ಭಾರ.

ಇನ್ನು ನಂಬರ್ ಕೊಡುವುದು. ‘ಪಿಜೆಸಿಪ್ ಡಾಟ್ ಕಾನ್ಫ್’ ಫೈಲಿನಲ್ಲಿ ಒಂದೊಂದು ಫೋನಿಗೂ ಮೂರು ತುಂಡು ಬರೆಯಬೇಕು: ಎಂಡ್‌ಪಾಯಿಂಟ್, ಆಥ್, ಎಓಆರ್. ಮೊದಲನೆಯದು ಫೋನ್ ಹೇಗೆ ನಡೆದುಕೊಳ್ಳಬೇಕು ಎನ್ನುತ್ತದೆ, ಎರಡನೆಯದು ಪಾಸ್‌ವರ್ಡ್, ಮೂರನೆಯದು ಆ ಫೋನ್ ಸದ್ಯ ಎಲ್ಲಿದೆ ಎಂದು ನೆನಪಿಡುತ್ತದೆ. ತಲೆ ಕೆಡುವುದು ಎಓಆರ್‌ನಲ್ಲಿ. ಅದರ ಹೆಸರು ಫೋನಿನ ನಂಬರೇ ಆಗಿರಬೇಕು, 101ನೇ ಮನೆಗೆ 101. ಬೇರೆ ಹೆಸರಿಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ಫೋನ್ ರಿಜಿಸ್ಟರ್ ಆಗುವುದಿಲ್ಲ, ಕಾರಣವೂ ಬೇಗ ಹೊಳೆಯುವುದಿಲ್ಲ. ಒಂದು ಮನೆಯಲ್ಲಿ ಮೂರು ಮೊಬೈಲ್ ರಿಂಗ್ ಆಗಬೇಕೆಂದರೆ ಮೂರು ನಂಬರ್ ಕೊಟ್ಟು, ಮುಂದೆ ಹೇಳುವ ಡಯಲ್ ಸಾಲಿನಲ್ಲಿ ಆ ಮನೆಗೆ ಮೂರನ್ನೂ ಸೇರಿಸಿ. ಎಲ್ಲರಿಗೂ ಒಂದೇ ಆದ ಸಾಲುಗಳನ್ನು ಟೆಂಪ್ಲೇಟ್ ಮಾಡಿಕೊಂಡರೆ ಬರೆಯುವುದು ಕಡಿಮೆ.

‘ಎಕ್ಸ್‌ಟೆನ್ಶನ್ಸ್ ಡಾಟ್ ಕಾನ್ಫ್’ ಫೈಲಿನಲ್ಲಿ ಮನೆಗೊಂದೇ ಫೋನಾದರೆ ಒಂದೇ ಡಯಲ್ ಸಾಲು ಸಾಕು: 1ರಿಂದ ಶುರುವಾಗುವ ಮೂರಂಕಿಯ ನಂಬರ್ ಒತ್ತಿದರೆ ಅದೇ ಹೆಸರಿನ ಫೋನಿಗೆ 30 ಸೆಕೆಂಡ್ ರಿಂಗ್ ಮಾಡು, ಅಂತ. ಉಳಿಸಿ, ಆಸ್ಟರಿಸ್ಕ್ ಕನ್ಸೋಲಿನಲ್ಲಿ ಕೋರ್ ರೀಲೋಡ್ ಕೊಡಿ.

ಮನೆಯವರ ಮೊಬೈಲಿಗೆ ಸಿಪ್ ಕರೆ ಮಾಡುವ ಲಿನ್‌ಫೋನ್ ಆ್ಯಪ್ ಹಾಕಿಸಿ. ಆ್ಯಂಡ್ರಾಯ್ಡ್ ಬ್ಯಾಟರಿ ಉಳಿಸಲು ಹೋಗಿ ಆ್ಯಪನ್ನು ಮಲಗಿಸುತ್ತದೆ, ಆಗ ರಿಂಗ್ ಬರುವುದಿಲ್ಲ. ಸೆಟ್ಟಿಂಗಿನಲ್ಲಿ ಅದಕ್ಕೆ ವಿನಾಯಿತಿ ಕೊಡಿ. ಗೇಟಿಗೆ ಮಾತ್ರ ಆ್ಯಪ್ ನಂಬಬೇಡಿ, ಅಲ್ಲಿ ಮೇಜಿನ ಮೇಲಿಡುವ ಐಪಿ ಫೋನೇ ಸರಿ. ಎ-ಲಾದಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಬೇಕು, ವೈಫೈಗೆ ಅದು ಲೆಕ್ಕಕ್ಕಿಲ್ಲ. ಕರೆಂಟ್ ಹೋದಾಗ ಪೈ ಒಂದನ್ನೇ ಯುಪಿಎಸ್‌ಗೆ ಹಾಕಿದರೆ ಏನೂ ಪ್ರಯೋಜನವಿಲ್ಲ, ರೂಟರ್, ಸ್ವಿಚ್‌ಗಳೂ ಅದರಲ್ಲೇ ಇರಬೇಕು.

ರೂಟರಿನಲ್ಲಿ ಸಿಪ್ ಕರೆಗಳು ಬರುವ 5060 ಪೋರ್ಟನ್ನು ಹೊರಗೆ ತೆರೆಯಬೇಡಿ. ಅದನ್ನೇ ಹುಡುಕಿಕೊಂಡು ಹಗಲೂ ರಾತ್ರಿ ಬಾಟ್‌ಗಳು ತಿರುಗುತ್ತಿರುತ್ತವೆ, ಪಾಸ್‌ವರ್ಡ್ 1234 ಇಟ್ಟಿದ್ದರೆ ಮುಗಿಯಿತು. ಹೊರಗಿನ ಲೈನ್ ಬೇಕೇ ಬೇಕು ಅನ್ನುವವರು ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯಿಂದ ಸಿಪ್ ಟ್ರಂಕ್, ಅಂದರೆ ಎಕ್ಸ್‌ಚೇಂಜಿಗೆ ಸಿಪ್ ಮೂಲಕ ಸಿಗುವ ಹೊರಗಿನ ಲೈನ್, ತೆಗೆದುಕೊಳ್ಳಿ. ಸಿಮ್ ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ವಿದೇಶದ ಕರೆ ತಿರುಗಿಸುವ ಜಾಲವನ್ನು 2021ರಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಹಿಡಿದಿದ್ದರು. ಯಾರಾದರೂ ಅಗ್ಗದ ದಾರಿ ತೋರಿಸಿದರೆ ಆ ಕಡೆ ಹೋಗಬೇಡಿ.