ಓವರ್‌ಡ್ರಾಫ್ಟ್ ದಿಢೀರನೆ ನಿಂತರೆ ಮೊದಲು ಮಂಜೂರಾತಿ ಪತ್ರ ತೆಗೆಯಿರಿ

ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಸೌಲಭ್ಯವನ್ನು ಬ್ಯಾಂಕು ಏಕಾಏಕಿ ಹಿಂತೆಗೆದುಕೊಂಡರೆ ಕೌಂಟರಿನಲ್ಲಿ ವಾದಿಸಬೇಡಿ. ಮಂಜೂರಾತಿ ಪತ್ರದ ನೋಟಿಸ್ ಷರತ್ತನ್ನು ಉಲ್ಲೇಖಿಸಿ, ಕಂತಿನಲ್ಲಿ ತೀರಿಸಲು ಅವಕಾಶ ಕೇಳುವ ಪತ್ರ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಸಾಲವನ್ನು ಹಿಂದಕ್ಕೆ ಕೇಳುವ ಮೊದಲು ಒಪ್ಪಂದದಲ್ಲಿರುವಷ್ಟು, ಅದಿಲ್ಲದಿದ್ದರೆ ನ್ಯಾಯವಾದಷ್ಟು ದಿನಗಳ ನೋಟಿಸ್ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನಿಟ್ಟು, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಕಾರವಾರದ ದೋಣಿ ಮಾಲೀಕರು, ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ ಖಾತೆಗೆ ಹಣ ಬರುವುದಿಲ್ಲವೆಂಬುದನ್ನು ದಯವಿಟ್ಟು ಪತ್ರದಲ್ಲೇ ಬರೆಯಿರಿ. ಮುಂದಿನ ದಿನಾಂಕಕ್ಕೆ ಕೊಟ್ಟ ಚೆಕ್ಕುಗಳಿದ್ದರೆ ಅವು ಹಣವಿಲ್ಲದೆ ಮರಳಬಹುದು, ಪಡೆದವರೊಂದಿಗೆ ಇಂದೇ ಮಾತನಾಡಿ. ಬಡ್ಡಿ 90 ದಿನ ಮೀರಿ ಬಾಕಿಯಿದ್ದರೆ ಈ ದಾರಿ ಹೆಚ್ಚು ಫಲಿಸದು. ಶಿರಸಿ ಕಡೆಯ ಸೇವಾ ಸಹಕಾರಿ ಸಂಘಗಳ ಸಾಲ ಒಂಬುಡ್ಸ್‌ಮನ್ ವ್ಯಾಪ್ತಿಗೇ ಬರುವುದಿಲ್ಲ. ಸಹಕಾರ ಇಲಾಖೆಗೆ ಹೋಗಬೇಕು.