ಒಂದೇ ಕಥೆ, ಎರಡು ಸಲ: ಹಿಚ್‌ಕಾಕ್‌ನನ್ನು ಹೋಲಿಸಿ ನೋಡಿದ ಬಗೆ

ಆಲ್ಫ್ರೆಡ್ ಹಿಚ್‌ಕಾಕ್‌ನ ಚಿತ್ರಗಳನ್ನು ಹೋಲಿಸಲು ಹೊರಟ ನಾನು ಮೊದಲು 'ವರ್ಟಿಗೊ' ಮತ್ತು 'ಸೈಕೋ'ಗಳನ್ನು ಎದುರುಬದುರಾಗಿ ಇಟ್ಟುಕೊಂಡು ದಾರಿ ತಪ್ಪಿದೆ. ಕಥೆಗಳೇ ಬೇರೆಯಾದ್ದರಿಂದ, ಕಥೆಯ ಬಲವೆಷ್ಟು, ನಿರ್ದೇಶಕನ ಕೈಚಳಕವೆಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಾಗಲಿಲ್ಲ. ಆಗ ಅವನು 1934ರಲ್ಲಿ ಒಮ್ಮೆ, 1956ರಲ್ಲಿ ಇನ್ನೊಮ್ಮೆ ತೆಗೆದ 'ದಿ ಮ್ಯಾನ್ ಹೂ ನ್ಯೂ ಟೂ ಮಚ್' ಚಿತ್ರವನ್ನು ಆರಿಸಿಕೊಂಡೆ. ಕೊಲೆಯ ಸಂಚೊಂದು ಗೊತ್ತಾದ ದಂಪತಿಯ ಬಾಯಿ ಮುಚ್ಚಿಸಲು ಅವರ ಮಗುವನ್ನೇ ಅಪಹರಿಸುವ ಕಥೆ ಅದು.

ಎರಡರಲ್ಲೂ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಇದೆ, ಆರ್ಥರ್ ಬೆಂಜಮಿನ್ ರಚಿಸಿದ ಅದೇ ಸಂಗೀತವಿದೆ, ಕಂಚಿನ ತಾಳ ಮೊಳಗುವ ಕ್ಷಣಕ್ಕೆ ಗುಂಡು ಹಾರಿಸಲು ಕಾದಿರುವ ಕೊಲೆಗಾರನಿದ್ದಾನೆ. ನೋಟ್‌ಬುಕ್ಕಿನ ಎಡಭಾಗದಲ್ಲಿ ಪ್ರತಿ ಶಾಟ್‌ನಲ್ಲಿ ಕಾಣುವುದನ್ನೂ, ಬಲಭಾಗದಲ್ಲಿ ಆ ಶಾಟ್‌ನಲ್ಲಿರುವವರಿಗೆ ತಿಳಿಯದೆ ನಮಗೆ ಮಾತ್ರ ತಿಳಿದಿರುವುದನ್ನೂ ಬರೆಯುತ್ತ ಹೋದೆ. ಕೆಲಸ ನಿಧಾನ, ಆದರೆ ಬೇರೆ ಉಪಾಯ ನನಗೆ ತೋಚಲಿಲ್ಲ.

1956ರ ಚಿತ್ರದಲ್ಲಿ ಈ ಭಾಗ ಸುಮಾರು 12 ನಿಮಿಷ, ಒಂದು ಮಾತೂ ಕೇಳಿಸುವುದಿಲ್ಲ. ತಂದೆಯ ಪಾತ್ರದ ಜೇಮ್ಸ್ ಸ್ಟೂವರ್ಟ್ ಪೊಲೀಸರೊಡನೆ ವಾದಿಸುವುದೂ ಸಂಗೀತದಡಿ ಮುಳುಗಿಹೋಗುತ್ತದೆ. ಧ್ವನಿ ಅಡಗಿಸಿ ಮತ್ತೆ ನೋಡಿದಾಗಲೂ ತಾಳದ ಹೊಡೆತ ಎಷ್ಟು ಹತ್ತಿರ ಬಂತೆಂದು ಗೊತ್ತಾಗುತ್ತಿದ್ದುದೇ ನನಗೆ ಸೋಜಿಗ: ಸ್ವರಲಿಪಿಯ ಹಾಳೆಯ ಮೇಲೆ ಕ್ಯಾಮೆರಾ ಜರುಗುತ್ತದೆ, ತಾಳದವನು ಎದ್ದು ನಿಲ್ಲುತ್ತಾನೆ, ತಾಯಿಯ ಪಾತ್ರದ ಡೋರಿಸ್ ಡೇಯ ಮುಖ ಬಿಗಿಯುತ್ತದೆ. ಬಲಭಾಗದ ಅಂಕಣ ಪುಟಗಟ್ಟಲೆ ತುಂಬಿತು.

1934ರದ್ದು ಗಿಡ್ಡ, ಒರಟು. ಆದರೂ ತಾಯಿಯ ಕಣ್ಣು ತುಂಬಿದಾಗ ಸಭಾಂಗಣವೇ ನಮ್ಮೆದುರು ಮಸುಕಾಗಿ ಕರಗುವ ಶಾಟ್‌ಗೆ ಸಾಟಿಯಾದುದು ಎರಡನೆಯದರಲ್ಲಿ ನನಗೆ ಸಿಗಲಿಲ್ಲ. ಮೊದಲನೆಯದು ಪ್ರತಿಭಾವಂತ ಹವ್ಯಾಸಿಯ ಕೆಲಸ, ಎರಡನೆಯದು ವೃತ್ತಿಪರನದು ಎಂದು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋಗೆ ಹೇಳಿದ್ದ. ಸಭಾಂಗಣದ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಚಿತ್ರದ ಅಂತ್ಯದ ಮಟ್ಟಿಗೆ ಒಪ್ಪಲಾರೆ. 1956ರಲ್ಲಿ ತಾಯಿಯ ಹಾಡಿಗೆ ಮಗ ಸಿಳ್ಳೆಯಿಂದ ಉತ್ತರಿಸುವುದು ಸೊಗಸಾಗಿದೆ, ತುಸು ಎಳೆದಂತೆಯೂ ಇದೆ. 1934ರಲ್ಲಾದರೋ, ಆರಂಭದಲ್ಲೇ ಗುರಿ ಸ್ಪರ್ಧೆಯಲ್ಲಿ ಸೋತ ತಾಯಿ, ಅಂದು ತನ್ನನ್ನು ಸೋಲಿಸಿದವನೇ ಛಾವಣಿಯ ಮೇಲೆ ಮಗಳ ಬೆನ್ನು ಹತ್ತಿದಾಗ, ಹಿಂಜರಿದ ಪೊಲೀಸನೊಬ್ಬನ ಬಂದೂಕನ್ನು ಕಿತ್ತುಕೊಂಡು ಗುಂಡು ಹಾರಿಸುತ್ತಾಳೆ. ಆ ಕ್ಷಣದಲ್ಲಿ ಅವಳಿಗೆ ತಿಳಿದಷ್ಟೇ ನಮಗೂ ತಿಳಿದಿರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅಲ್ಲಿ ಬಲಭಾಗ ಖಾಲಿಯಾಗಿಯೇ ಉಳಿದಿದೆ.